ಹೇನು ಬಂದ ದಾರಿ

ನಮ್ಮ ಕುದುರೆಗೆ ಹೇನು ಆದಾಗ ನಾನು ಮೊದಲು ಬೈದದ್ದು ಅತ್ತೆಯ ಕೋಳಿಗಳನ್ನು. ಆಮೇಲೆ ಗಂಡನನ್ನು ಬೈದೆ, ಯಾವುದೋ ಮದುವೆಯಲ್ಲಿ ಕಂಡಕಂಡಲ್ಲಿ ಕುದುರೆ ಕಟ್ಟಿದ್ದಾನೆ ಅಂತ. ಅದೂ ಮುಗಿದ ಮೇಲೆ ನನ್ನನ್ನೇ ಬೈದುಕೊಂಡೆ. ಸವಣೂರಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ನಳದ ಹತ್ತಿರ ನಾನು ಕೊಡ ಇಟ್ಟರೆ ಅದನ್ನು ಸರಿಸುವ ಧೈರ್ಯ ಯಾರಿಗೂ ಇಲ್ಲ. ಅಂಥ ಬಾಯಿ ಇಟ್ಟುಕೊಂಡು, ಬೈಯಬೇಕಾದವರನ್ನು ಬಿಟ್ಟು ಊರನ್ನೆಲ್ಲ ಬೈದೆ.

ಅಪ್ಪ ಸವಣೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಬಂದ ಮೇಲೆ ಟಾಂಗಾ ಮೂಲೆಗೆ ಬಿತ್ತು, ಕುದುರೆ ಮಾತ್ರ ಉಳಿಯಿತು. ಮದುಮಗನನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವ ಶೋಕಿ ನಮ್ಮ ಕಡೆ ಕಡಿಮೆಯಾಗಿರಲಿಲ್ಲ, ಜಾಸ್ತಿಯೇ ಆಗಿತ್ತು. ಹಾಗಾಗಿ ಅಪ್ಪ ಬಿಳಿ ಹೆಣ್ಣುಕುದುರೆ ಕಟ್ಟಿ ಮದುವೆಗಳಿಗೆ ಹೋಗತೊಡಗಿದ. ಅವನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕನನ್ನು ಅಕ್ಕಿಆಲೂರಿಗೆ ಕೊಟ್ಟರು. ನನ್ನ ಗಂಡ ಊರೊಳಗಿನವನೇ. ಅಪ್ಪ ತೀರಿದ ಮೇಲೆ ಅಪ್ಪನ ಮನೆಗೇ ಬಂದು ಇದ್ದೆವು. ಅತ್ತೆಯೂ ತನ್ನ ಕೋಳಿಗಳ ಸಮೇತ ಬಂದಳು. ಅಕ್ಕನ ಮನೆಯಲ್ಲಿ ಒಂದು ಬಿಳಿ ಕುದುರೆ, ನಮ್ಮ ಮನೆಯಲ್ಲಿ ಒಂದು. ಗಂಡಸರು ಲಗಾಮು ಹಿಡಿದು ಬ್ಯಾಂಡಿನ ಹಿಂದೆ ನಡೆಯುತ್ತಾರೆ. ಮೈ ತೊಳೆಯುವುದು, ಮೇವು ಹಾಕುವುದು, ಕುತ್ತಿಗೆಯ ಮೇಲಿನ ಕೂದಲು, ನಾವು ಅಯಾಲು ಅನ್ನುತ್ತೇವಲ್ಲ, ಅದನ್ನು ಬಾಚಿ ಜರಿದಾರ ಸೇರಿಸಿ ಜಡೆ ಹಾಕುವುದು, ಇದೆಲ್ಲ ನಾವು ಅಕ್ಕತಂಗಿಯರ ಕೆಲಸ. ಮದುವೆ ಕುದುರೆಯ ಅಂದವೆಲ್ಲ ಅಯಾಲಿನಲ್ಲೇ ಇರುವುದು. ಉಳಿದದ್ದನ್ನು ಬಟ್ಟೆ ಮುಚ್ಚಿಬಿಡುತ್ತದೆ.

ಆ ಬಟ್ಟೆ ಎರಡೂ ಮನೆಗೆ ಸೇರಿ ಒಂದೇ ಇತ್ತು. ಮಖಮಲ್ಲಿನ ಕೆಂಪು ಝೂಲ, ಅಂಚಿಗೆಲ್ಲ ಜರಿ, ಅಪ್ಪ ಹಟ ಹಿಡಿದು ಹೊಲಿಸಿದ್ದು. ಅಕ್ಕನಿಗೆ ಮದುವೆ ಸಿಕ್ಕರೆ ಅದನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಹಾನಗಲ್ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ನನಗೆ ಸಿಕ್ಕರೆ ಅದೇ ಗಂಟು ತಿರುಗಿ ಬರುತ್ತಿತ್ತು. ಇದಕ್ಕೆ ಅಪ್ಪ ಒಂದು ಕಟ್ಟಳೆ ಮಾಡಿಟ್ಟಿದ್ದ. ಯಾವ ಮನೆಯ ಕುದುರೆಗೆ ಮೈಮೇಲೆ ಏನೇ ಆಗಲಿ, ಹುಣ್ಣಾಗಲಿ, ಕಜ್ಜಿಯಾಗಲಿ, ಹೇನಾಗಲಿ, ಅವತ್ತೇ ಇನ್ನೊಂದು ಮನೆಗೆ ಹೇಳಬೇಕು. ಅದು ವಾಸಿಯಾಗುವವರೆಗೆ ಝೂಲ ಆ ಮನೆ ದಾಟಬಾರದು. ಔಷಧ ಹಾಕಿದರೆ ಎರಡೂ ಕುದುರೆಗೆ ಒಂದೇ ದಿನ ಹಾಕಬೇಕು. ಒಂದನ್ನು ಸ್ವಚ್ಛ ಮಾಡಿ ಇನ್ನೊಂದನ್ನು ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅಪ್ಪ ಹೋದ ಮೇಲೂ ನಾವು ಇದನ್ನು ಮುರಿದವರಲ್ಲ ಎಂದು ನಾನು ನಂಬಿದ್ದೆ.

ಆ ವರ್ಷ ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಮೊದಲ ಮದುವೆ ಅಕ್ಕಿಆಲೂರಿನಲ್ಲಿ ಅಕ್ಕನದು, ಅದರ ಬೆನ್ನಿಗೇ ಶಿಗ್ಗಾಂವಿಯಲ್ಲಿ ನನ್ನದು. ಬಸ್ಸಿನಲ್ಲಿ ಝೂಲ ಬಂತು, ಬಿಚ್ಚಿ ಕೊಡವಿ ಹಾಕಿ ಕಳಿಸಿದೆ. ಮದುವೆ ಚೆನ್ನಾಗಿಯೇ ಆಯಿತು. ಚಳಿ ಏರುತ್ತಿದ್ದ ಹಾಗೆ ಕುದುರೆ ಕುತ್ತಿಗೆ ತಿಕ್ಕತೊಡಗಿತು. ಮೊದಲು ಗೂಟಕ್ಕೆ, ಆಮೇಲೆ ಗೋಡೆಗೆ. ಗೋಡೆಯ ಸುಣ್ಣ ಉದುರಿ ನೆಲಕ್ಕೆ ಬಿದ್ದಿತ್ತು, ಅದರ ಜೊತೆ ಬಿಳಿ ಕೂದಲು. ತನ್ನ ಪಕ್ಕೆಯನ್ನು ತಾನೇ ಹಲ್ಲಿನಿಂದ ಕಚ್ಚಿಕೊಳ್ಳುತ್ತಿತ್ತು. ಮೈ ತಿಕ್ಕಲು ಹೋದರೆ ಮೇಲ್ದುಟಿ ಉದ್ದ ಮಾಡಿ, ಕಣ್ಣು ಅರೆ ಮುಚ್ಚಿ, ಇನ್ನೂ ತಿಕ್ಕು ಎನ್ನುವಂತೆ ನನ್ನ ಮೇಲೇ ವಾಲುತ್ತಿತ್ತು. ನಾನು ಹೊಟ್ಟು ಎಂದುಕೊಂಡೆ. ಬೇವಿನ ಸೊಪ್ಪು ಕುದಿಸಿ ತೊಳೆದೆ, ಹೊಂಗೆ ಎಣ್ಣೆ ಹಚ್ಚಿದೆ. ಎಣ್ಣೆಗೆ ಧೂಳು ಮೆತ್ತಿ ಬಿಳಿ ಕುದುರೆ ಬೂದಿ ಬಣ್ಣವಾಯಿತು, ತುರಿಕೆ ಮಾತ್ರ ಇದ್ದಲ್ಲೇ ಇತ್ತು.

ಮಾರ್ಗಶಿರದ ಮೊದಲಿಗೆ ಅಕ್ಕ ತವರಿಗೆ ಬಂದಳು. ನಾವು ಭೇಟಿಯಾಗುತ್ತಿದ್ದದ್ದು ಹೆಚ್ಚಾಗಿ ಸವಣೂರಿನಲ್ಲೇ. ಅವಳಿಗೆ ತವರಿನ ಆಸೆ, ನನಗೆ ಮನೆ ಬಿಟ್ಟು ಹೊರಡಲು ಅತ್ತೆಯ ಅಡ್ಡಿ. ಬಂದವಳೇ ಸೆರಗು ಸಿಕ್ಕಿಸಿ ಕುದುರೆ ಕಟ್ಟುವ ತಬೇಲೆಗೆ ಹೋದಳು. ಚಿಕ್ಕವಳಿದ್ದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇನು ಹೆಕ್ಕುತ್ತಿದ್ದವಳು ಅವಳು. ಅವಳ ಕಣ್ಣಿಗೆ ಒಂದು ಸೀರೂ ತಪ್ಪುತ್ತಿರಲಿಲ್ಲ. ಅದೇ ಬೆರಳುಗಳಿಂದ ಕುದುರೆಯ ಅಯಾಲು ಬಿಡಿಸಿ ಬುಡದವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೇನು ಆಗ್ಯಾವಲ್ಲ ತಂಗೀ," ಎಂದಳು.

"ಎಲ್ಲಿಂದ ಬಂದ್ವು? ಯಾವ ಕುದುರಿ ಜೋಡಿನೂ ಕಟ್ಟಿಲ್ಲ ನಾವು."

ಅಕ್ಕ ಅಂಗಳದ ಕಡೆ ನೋಡಿದಳು. ಅತ್ತೆಯ ಕೋಳಿಗಳು ಕುದುರೆಯ ಹುಲ್ಲಿನಲ್ಲಿ ಕೆದರುತ್ತಿದ್ದವು. "ಮತ್ತ ಇವು ಯಾವು? ಕೋಳಿ ಹೇನ ಇವು. ಮೇವಿನ ಗೋದಲಿ ಮ್ಯಾಲೇ ಮಲಗತಾವ ನಿಮ್ಮ ಕೋಳಿ. ಮೊದ್ಲ ಅವನ್ನ ಹೊರಗ ಹಾಕು."

ಅವಳ ಮಾತಿಗೆ ನಾನು ಎರಡನೇ ಮಾತು ಆಡಲಿಲ್ಲ. ಅವತ್ತೇ ಅತ್ತೆಯ ಜೊತೆ ಜಗಳ ತೆಗೆದೆ. ಕೋಳಿ ಬೇಕೋ ಕುದುರೆ ಬೇಕೋ ಎಂದು ಕೇಳಿದೆ. ಅತ್ತೆ ಆ ಕೋಳಿಗಳನ್ನು ಒಂದೊಂದನ್ನೂ ಮರಿಯಿಂದ ಸಾಕಿದವಳು, ಬುಟ್ಟಿ ಮುಚ್ಚುವಾಗ ಅವುಗಳ ಜೊತೆ ಮಾತಾಡುವವಳು. ಅವಳು ಕೂಗಾಡಲಿಲ್ಲ. ಬುಟ್ಟಿ ಎತ್ತಿ ಮಗನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದಳು. ಕೋಳಿಗಳು ಹುಲಗೂರಿನ ನಾದಿನಿಯ ಮನೆಗೆ ಹೋದವು. ಅಲ್ಲಿ ದರ್ಗಾಕ್ಕೆ ಬಂದ ಬೀಗರಿಗೆ ಊಟವಾಗಿ ಮುಗಿದವು. ಈ ಸುದ್ದಿ ತಿಳಿದ ಮೇಲೆ ಅತ್ತೆ ನನ್ನ ಕೈಯ ಚಹಾ ಕುಡಿಯುವುದನ್ನೇ ಬಿಟ್ಟಳು. ತಾನೇ ಎದ್ದು ತನಗಷ್ಟೇ ಮಾಡಿಕೊಳ್ಳುತ್ತಿದ್ದಳು. ಅಕ್ಕ ಮಾತ್ರ ಹೊರಡುವಾಗ ನನ್ನ ಬೆನ್ನು ಸವರಿ, "ಚೊಲೋ ಮಾಡಿದಿ," ಎಂದು ಹೇಳಿ ಹೋದಳು.

ಕೋಳಿ ಹೋದವು, ತುರಿಕೆ ಹೋಗಲಿಲ್ಲ. ಕುತ್ತಿಗೆಯ ಒಂದು ಕಡೆ ಚರ್ಮ ಕಾಣುವಷ್ಟು ಕೂದಲು ಉದುರಿತು. ಆ ಹೊತ್ತಿಗೆ ಹಾನಗಲ್ಲಿನ ಒಂದು ಮದುವೆಗೆ ಕುದುರೆ ಕೊಡುವ ಮಾತಾಗಿತ್ತು. ಅಣ್ಣತಮ್ಮಂದಿರಿಬ್ಬರ ಮದುವೆ ಒಂದೇ ಮಂಟಪದಲ್ಲಿ, ಮಾಘ ಮಾಸದಲ್ಲಿ. ಮದುಮಕ್ಕಳ ತಂದೆ ಸವಣೂರಿಗೇ ಬಂದು ನಮ್ಮ ಕುದುರೆ ನೋಡಿ ಮೆಚ್ಚಿ, ಇಂಥದೇ ಇನ್ನೊಂದು ಬೇಕು, ಜೋಡಿ ಇರಬೇಕು ಎಂದಿದ್ದರು. ಅಕ್ಕನ ಕುದುರೆಯ ಮಾತು ಹೇಳಿದವಳು ನಾನೇ. ಆ ಕಲ್ಯಾಣ ಮಂಟಪದವರು ಕೂಡ, ಈ ಜೋಡಿ ಚೆನ್ನಾಗಿ ಕಂಡರೆ ಮುಂದೆ ಬರುವ ಮದುವೆಗಳಿಗೆಲ್ಲ ಇದನ್ನೇ ಕರೆಯುತ್ತೇವೆ ಎಂದಿದ್ದರು. ನನ್ನ ಗಂಡ ಜಗಳಗಂಟನಲ್ಲ, ಹೇಳಬೇಕಾದ್ದನ್ನು ಮೆಲ್ಲಗೆ ಹೇಳುವವನು. ಅವನು ಒಂದು ದಿನ ಊಟಕ್ಕೆ ಕೂತು ಹೇಳಿದ: "ಈ ಹಾನಗಲ್ಲ ಕೆಲಸ ಕೂಡಿಬಂದ್ರ ಕುದುರಿ ಇಟ್ಕೊಳ್ಳೂಣು. ಇಲ್ಲಂದ್ರ ಮಾರಿಬಿಡೂಣು. ನಾನು ಅಕ್ಕಿ ಗಿರಣಿಗೆ ಹೋಗತೇನಿ. ವರ್ಷಾನುಗಟ್ಟಲೆ ಸುಮ್ಮನ ನಿಂದರಿಸಿ ಮೇಸೂದು ಆಗೂದಿಲ್ಲ." ಅಪ್ಪನ ತಬೇಲೆಯಲ್ಲಿ ಕುದುರೆ ಇಲ್ಲದ ಒಂದು ದಿನವನ್ನೂ ನಾನು ಹುಟ್ಟಿದ ಮೇಲೆ ಕಂಡವಳಲ್ಲ.

ಮರುದಿನವೇ ಪಶು ಆಸ್ಪತ್ರೆಗೆ ಹಿಡಿದುಕೊಂಡು ಹೋದೆ. ಡಾಕ್ಟರು ಅಯಾಲಿನ ಎರಡು ಕೂದಲು ಕಿತ್ತು ಬಿಸಿಲಿಗೆ ಹಿಡಿದರು. ಕೂದಲಿಗೆ ಸಣ್ಣ ಬಿಳಿ ಸೀರು ಅಂಟಿಕೊಂಡಿತ್ತು. ಉಗುರಿನಲ್ಲಿ ಎಳೆದರೂ ಜಾರಲಿಲ್ಲ. ನಾನು ಕೋಳಿಯ ಕಥೆ ಹೇಳಿದೆ. ಅವರು ನಕ್ಕರು.

"ಕೋಳಿ ಹೇನ ಕುದುರಿ ಮೈಗೆ ಒಂದೀಟ ಹತ್ತಬಹುದು, ಕುದುರಿ ಕೂದಲಕ್ಕ ತತ್ತಿ ಇಟ್ಟು ಸಂಸಾರ ಹೂಡೂದಿಲ್ಲರಿ. ಇದು ಕುದುರಿ ಹೇನ. ಕುದುರಿಯಿಂದ ಕುದುರಿಗೆ ಬರತೈತಿ. ಇಲ್ಲಾ, ಅದರ ಬಟ್ಟಿ, ಬ್ರಷ್ಷಿನಿಂದ. ನಿಮ್ಮಲ್ಲೆ ಮತ್ತೊಂದು ಕುದುರಿ ಐತೇನು?"

"ನಮ್ಮಕ್ಕಂದು ಐತ್ರಿ, ಅಕ್ಕಿಆಲೂರಾಗ."

"ಹಂಗಾರ ಎರಡಕ್ಕೂ ಒಂದ ದಿನ ಔಷಧ ಹಾಕ್ರಿ."

ನೀರಿಗೆ ಬೆರೆಸಿ ಮೈಗೆಲ್ಲ ಹಚ್ಚುವ ಔಷಧ ಬರೆದುಕೊಟ್ಟರು. ಔಷಧಕ್ಕೆ ಹೇನು ಸಾಯುತ್ತವೆ, ಸೀರು ಸಾಯುವುದಿಲ್ಲ. ಅವು ಒಡೆದು ಮರಿ ಹೊರಗೆ ಬರುವ ಹೊತ್ತಿಗೆ, ಎರಡು ವಾರ ಬಿಟ್ಟು, ಇನ್ನೊಮ್ಮೆ ಹಾಕಲೇಬೇಕು ಎಂದರು. ಝೂಲ, ಜೀನಿನ ಕೆಳಗಿನ ಬಟ್ಟೆ, ಬ್ರಷ್ಷು ಎಲ್ಲ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಅಯಾಲು ಬೋಳಿಸಬೇಕೇ ಎಂದು ಕೇಳಿದೆ. ಬೇಕಿಲ್ಲ, ಹಣಿಗೆ ಹಾಕಿ ಬಾಚುತ್ತಾ ಔಷಧವನ್ನು ಬುಡಕ್ಕೆ ಮುಟ್ಟಿಸಿದರೆ ಸಾಕು, ಮದುವೆ ಕುದುರೆ ಅಲ್ಲವೇ ಎಂದರು.

ಆಸ್ಪತ್ರೆಯ ಬಾಗಿಲಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿ, ಆಮೇಲೆ, "ಹೂಂ, ನಂದಕ್ಕೂ ಈಗೀಗ ತುರಸಾಕತ್ತೇತಿ. ನಿನ್ನದರಿಂದನ ಬಂದಿರಬೇಕು," ಎಂದಳು. ನಮ್ಮ ತಬೇಲೆಯಲ್ಲಿ ಅಯಾಲು ಬಿಡಿಸಿದ ಅವಳ ಸೆರಗಿನಲ್ಲೇ ಹೇನು ಹೋಗಿರಬೇಕು ಎಂದುಕೊಂಡೆ. ನನಗೆ ನಾಚಿಕೆಯಾಯಿತು. ಅಪ್ಪನ ಕಟ್ಟಳೆ ನಾನೇ ಮುರಿದೆನಲ್ಲ, ತುರಿಕೆ ಶುರುವಾದ ದಿನವೇ ಹೇಳಬೇಕಿತ್ತಲ್ಲ ಎಂದು ಫೋನಿನಲ್ಲೇ ಅವಳ ಕ್ಷಮೆ ಬೇಡಿಕೊಂಡೆ. ಅವಳು ದೊಡ್ಡ ಮನಸ್ಸಿನವಳ ಹಾಗೆ, "ಇರಲಿ ಬಿಡು, ಆಗಿದ್ದಾತು," ಎಂದಳು. ಆ "ಇರಲಿ ಬಿಡು" ಈಗಲೂ ನನ್ನ ಎದೆಯನ್ನು ಉರಿಸುತ್ತದೆ.

ಅಯಾಲು ಬೋಳಿಸುವ ಮಾತು ಎತ್ತಿದವಳು ಅವಳೇ. ಡಾಕ್ಟರು ಬೇಡ ಎಂದಿದ್ದಾರೆ ಎಂದು ನಾನು ಹೇಳಿದೆ.

"ಡಾಕ್ಟರಿಗೆ ಏನ ಗೊತ್ತಾಗಬೇಕು, ಅವರೇನು ಮದಿವಿಗೆ ಹೊಕ್ಕಾರೇನು? ಬುಡದಾಗ ಒಂದು ಸೀರು ಉಳಿದ್ರೂ ಹಾನಗಲ್ಲದಾಗ ಮದಿಮಗನ ಅರಿವಿ ಮ್ಯಾಲ ಹರದಾಡತಾವ. ಮರ್ಯಾದಿ ಏನ ಉಳಿದೀತು? ಇಬ್ರೂ ಕೂಡೇ ಬೋಳಿಸೂಣು. ಎರಡೂ ಹಂಗ ಇದ್ರ ಜೋಡಿ ಜೋಡಿನ ಆತಲ್ಲ. ಮ್ಯಾಲ ಹೂವಿನ ಜಾಲರಿ ಹಾಕಿದ್ರ ಯಾರ ಕಣ್ಣಿಗೂ ಬೀಳೂದಿಲ್ಲ."

ಮದುವೆ ಕುದುರೆ ಕಟ್ಟದವರಿಗೆ ಇದು ದೊಡ್ಡ ಮಾತಲ್ಲ, ಕೂದಲು ತಾನೇ, ಬೆಳೆಯುತ್ತದೆ. ನಮಗೆ ಹಾಗಲ್ಲ. ಬೋಳು ಕುದುರೆಯನ್ನು ಮದುವೆ ಮನೆಯ ಮುಂದೆ ಯಾರೂ ನಿಲ್ಲಿಸಿಕೊಳ್ಳುವುದಿಲ್ಲ, ಸೂತಕದ ಕಳೆ ಎನ್ನುತ್ತಾರೆ. ಅಯಾಲು ಭುಜ ಮುಟ್ಟಲು ವರ್ಷವೇ ಬೇಕು. ಒಬ್ಬಳೇ ಆಗಿದ್ದರೆ ನಾನು ಎಂದೂ ಒಪ್ಪುತ್ತಿರಲಿಲ್ಲ. ಇಬ್ಬರೂ ಕೂಡಿ ಎಂದಳಲ್ಲ, ಅದಕ್ಕೆ ಒಪ್ಪಿದೆ. ಎಳ್ಳಮವಾಸ್ಯೆ ಮುಗಿದ ಮೇಲಿನ ಸೋಮವಾರ, ಮದುವೆಗಳಿಲ್ಲದ ಧನುರ್ಮಾಸದಲ್ಲಿ, ಅವಳು ಅಲ್ಲಿ, ನಾನು ಇಲ್ಲಿ, ಒಂದೇ ದಿನ ಎಂದು ಮಾತಾಯಿತು.

ಸೋಮವಾರ ಗಂಡ ಕುದುರೆಯ ತಲೆ ಹಿಡಿದು ನಿಂತ. ನಾನು ಕತ್ತರಿ ಹಿಡಿದೆ. ಕಿವಿಯ ಹಿಂದಿನಿಂದ ಶುರು ಮಾಡಿ ಭುಜದವರೆಗೆ ಬಂದೆ. ಅದು ಕಾಲು ಕೂಡ ಕದಲಿಸಲಿಲ್ಲ, ತುರಿಕೆ ಕಡಿಮೆಯಾಯಿತೆಂದೋ ಏನೋ ದೊಡ್ಡದಾಗಿ ಉಸಿರು ಬಿಟ್ಟಿತು. ಅತ್ತೆ ಅಂಗಳಕ್ಕೆ ಬಂದವಳು ನೋಡಲಾರದೆ ಮುಖ ತಿರುಗಿಸಿ ಒಳಗೆ ಹೋದಳು. ಕೂದಲನ್ನೆಲ್ಲ ಗುಡಿಸಿ ಹಿತ್ತಲಲ್ಲಿ ಸುಟ್ಟೆವು. ಕುತ್ತಿಗೆ ಸಣ್ಣದಾಗಿ, ತಲೆ ದೊಡ್ಡದಾಗಿ, ನಮ್ಮ ಕುದುರೆ ಯಾರದೋ ಕುದುರೆಯ ಹಾಗೆ ಕಂಡಿತು. ಔಷಧದ ನೀರು ಹಚ್ಚಿ ಮುಗಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ನಂದೂ ಆತು" ಎಂದು ಬರೆದಳು. ಅವಳ ಕುದುರೆಯ ಫೋಟೋ ಬರಲಿಲ್ಲ. ಕೈ ತೊಳೆಯುತ್ತಿರಬೇಕು ಎಂದುಕೊಂಡು ನಾನೂ ಕೇಳಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಔಷಧ ಹಾಕಿದೆ. ಗೋಡೆಗೆ ಸುಣ್ಣ ಬಳಿದೆ, ಹಳೇ ಹುಲ್ಲು ತೆಗೆದು ಸುಟ್ಟೆ, ಝೂಲವನ್ನು ಬಿಸಿನೀರಲ್ಲಿ ಅದ್ದಿ ತೆಗೆದೆ. ಮಖಮಲ್ಲಿನ ಕೆಂಪು ಸ್ವಲ್ಪ ಬಿಟ್ಟಿತು. ದಿನವೂ ಬಿಸಿಲಲ್ಲಿ ಕುದುರೆಯನ್ನು ನಿಲ್ಲಿಸಿ ಬಾಲದ ಬುಡ, ತೊಡೆಯ ಸಂದು, ಕಿವಿಯ ಹಿಂದೆ ಕೂದಲು ಬಿಡಿಸಿ ನೋಡುತ್ತಿದ್ದೆ. ಮಾಘ ಬರುವ ಹೊತ್ತಿಗೆ ಮೈಮೇಲೆ ಒಂದು ಹೇನೂ ಇರಲಿಲ್ಲ. ಮೈ ಮಿಂಚುತ್ತಿತ್ತು, ಮೇವು ತಿನ್ನುತ್ತಿತ್ತು. ನನ್ನ ಕೈಯಾರೆ ಒಂದು ಪ್ರಾಣಿ ಇಷ್ಟು ಸುಖವಾಗಿದೆ ಎಂಬ ಸಂತೋಷ ನನಗಿತ್ತು.

ಹಾನಗಲ್ಲಿಗೆ ಗೂಡ್ಸ್ ಗಾಡಿಯಲ್ಲಿ ಕುದುರೆ ಹತ್ತಿಸಿಕೊಂಡು ಹೋದೆವು. ಮಲ್ಲಿಗೆ ಮತ್ತು ಸೇವಂತಿಗೆಯ ಜಾಲರಿ ನಾನೇ ಕೂತು ಕಟ್ಟಿದ್ದೆ, ಕುತ್ತಿಗೆಯನ್ನೆಲ್ಲ ಮುಚ್ಚುವಷ್ಟು ಅಗಲ. ಅಕ್ಕನದಕ್ಕೂ ಅಂಥದೇ ಒಂದು ಕಟ್ಟಿ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದೆ. ಅಪ್ಪನ ಝೂಲ ನಮ್ಮದಕ್ಕೆ, ತನ್ನದಕ್ಕೆ ಒಂದು ಬಾಡಿಗೆ ತರುತ್ತೇನೆ ಎಂದು ಅಕ್ಕ ಹೇಳಿದ್ದಳು. ಮಂಟಪದ ಮುಂದೆ ಗಾಡಿ ನಿಂತಾಗ ನಾನು ಕಂಡದ್ದು ಎರಡು ಬಿಳಿ ಕುದುರೆ. ಒಂದು ಅಕ್ಕನದು, ಅಯಾಲು ಮೊದಲಿನಷ್ಟೇ ಉದ್ದ, ಜಡೆ ಜಡೆಯಾಗಿ ಜರಿದಾರ. ಪಕ್ಕದಲ್ಲಿ ಇನ್ನೊಂದು, ನಾನು ಎಂದೂ ನೋಡದ್ದು, ಅಷ್ಟೇ ಎತ್ತರ, ಅಷ್ಟೇ ಬಿಳಿ, ಅದಕ್ಕೂ ಜಡೆ. ಎರಡರ ಮೇಲೂ ಹೊಸ ಝೂಲ. ಅಕ್ಕನ ಗಂಡ ಎರಡೂ ಲಗಾಮು ಹಿಡಿದು ನಿಂತಿದ್ದ. ನನ್ನನ್ನು ನೋಡಿ ಬ್ಯಾಂಡಿನವರ ಕಡೆ ತಿರುಗಿಕೊಂಡ.

ನನಗೆ ಏನೂ ತಿಳಿಯಲಿಲ್ಲ. ಗಂಡ ಕುದುರೆ ಇಳಿಸಿದ. ಮದುಮಕ್ಕಳ ದೊಡ್ಡಪ್ಪ ತಲೆಯ ಪಟಕಾ ಸರಿಮಾಡಿಕೊಳ್ಳುತ್ತಾ ಬಂದು ನನ್ನ ಹೂವಿನ ಜಾಲರಿಯನ್ನು ಬೆರಳಿನಿಂದ ಎತ್ತಿ ನೋಡಿದರು.

"ಇದೇನವಾ? ಶುಭಕಾರ್ಯಕ್ಕ ಬೋಳು ಕುದುರಿ ತಂದೀಯಲ್ಲ!"

ನಾನು ಬಾಯಿ ತೆರೆಯುವುದರೊಳಗೆ ಅಕ್ಕನ ದನಿ ಕೇಳಿತು. ಆ ಹೊಸ ಕುದುರೆಯ ಪಕ್ಕದಿಂದಲೇ, ನನ್ನ ಕಡೆ ನೋಡದೆ ಹೇಳಿದಳು. "ಅದಕ್ಕ ಹೇನ ಆಗಿದ್ವುರಿ, ಅದಕ್ಕ ಬೋಳಿಸ್ಯಾರ. ಅದನ್ನ ಹತ್ತರ ತರೂದ ಬ್ಯಾಡ್ರಿ. ನಮ್ಮವು ಎರಡೂ ಸ್ವಚ್ಛ ಅದಾವ."

ನೆರೆದ ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ನನ್ನ ಬಾಯಿಗೆ ಹೆದರುವ ನಮ್ಮ ಓಣಿಯವರು ಅವತ್ತು ನನ್ನನ್ನು ನೋಡಬೇಕಿತ್ತು. ಬೈಯಲೂ ನಿಲ್ಲಲಿಲ್ಲ. ಸೀದಾ ಆ ಹೊಸ ಕುದುರೆಯ ಹತ್ತಿರ ಹೋದೆ. ಅದು ಕುತ್ತಿಗೆಯನ್ನು ನನ್ನ ಭುಜಕ್ಕೆ ಒತ್ತಿ ತಿಕ್ಕತೊಡಗಿತು. ಮೇಲ್ದುಟಿ ಉದ್ದ ಮಾಡಿತು. ಜರಿದಾರದ ಒಂದು ಜಡೆಯನ್ನು ಸರಿಸಿ ನೋಡಿದೆ. ಬುಡದಲ್ಲಿ ಸಾಲು ಸಾಲು ಸೀರು. ಅಕ್ಕನ ಕುದುರೆಯ ಜಡೆ ಸರಿಸಿದೆ. ಅಲ್ಲೂ ಇತ್ತು.

"ಬರ್ರಿ, ನೋಡ್ರಿ!" ಎಂದು ಕೂಗಿದೆ. "ಇವಕ್ಕ ಅದಾವ ಹೇನು! ನಂದು ಸ್ವಚ್ಛ ಐತಿ, ಬಂದು ನೋಡ್ರಿ!"

ಯಾರೂ ಬರಲಿಲ್ಲ. ಬೋಳು ಕುದುರೆ ತಂದವಳ ಮಾತು ಯಾರು ನಂಬುತ್ತಾರೆ? ದೊಡ್ಡಪ್ಪ ನಕ್ಕು, "ಒಡಹುಟ್ಟಿದಕ್ಕಿ ಮ್ಯಾಲ ಹೊಟ್ಟಿಕಿಚ್ಚು ಪಡಬಾರದವಾ. ಊಟ ಮಾಡಿಕೊಂಡ ಹೋಗ್ರಿ," ಎಂದರು. ಅಕ್ಕ ನಾನು ಬಿಚ್ಚಿದ ಜಡೆಗೆ ಮತ್ತೆ ಜರಿದಾರ ಸುತ್ತುತ್ತಿದ್ದಳು. ಗಂಡ ನನ್ನ ತೋಳು ಹಿಡಿದು ಕರೆದುಕೊಂಡು ಬಂದ. ಮದುಮಕ್ಕಳು ಆ ಕುದುರೆಗಳನ್ನು ಹತ್ತಿ ಕೂತದ್ದನ್ನು ಗಾಡಿಯೊಳಗಿಂದ ನೋಡಿದೆ, ಬ್ಯಾಂಡು ಶುರುವಾದದ್ದನ್ನು ಕೇಳಿದೆ. ನಮ್ಮ ಕುದುರೆ ಬ್ಯಾಂಡಿನ ಸದ್ದಿಗೆ ಅಭ್ಯಾಸಬಲದಿಂದ ಕಾಲು ಎತ್ತಿ ಇಡುತ್ತಿತ್ತು. ಊಟ ನಾವು ಮಾಡಲಿಲ್ಲ.

ಇಷ್ಟಾದರೂ ನಾನು ಅಕ್ಕನನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಇದೆಲ್ಲ ಅವಳ ಗಂಡನ ಕಿತಾಪತಿ ಎಂದುಕೊಂಡೆ. ಆ ಇನ್ನೊಂದು ಕುದುರೆಯನ್ನು ಅವತ್ತಿನ ಮಟ್ಟಿಗೆ ಯಾರಿಂದಲೋ ತಂದಿರಬೇಕು, ಬೋಳಿಸಬೇಡ ಎಂದು ಗಂಡ ಅವಳ ಕೈ ಹಿಡಿದಿರಬೇಕು, ಜನರ ಮುಂದೆ ಹೇನಿನ ಮಾತು ಭಯಕ್ಕೆ ಬಾಯಿ ತಪ್ಪಿ ಬಂದಿರಬೇಕು. ಹೀಗೆ ಅವಳ ಪರವಾಗಿ ನಾನೇ ಒಳಗೊಳಗೆ ವಕೀಲಿ ಮಾಡಿಕೊಂಡೆ. ಒಂದು ಫೋನ್ ಮಾಡಿ ಅತ್ತುಬಿಟ್ಟರೆ ಸಾಕು, ಮರೆತುಬಿಡುತ್ತೇನೆ ಎಂದು ಕಾದೆ. ಅವಳು ಮಾಡಲಿಲ್ಲ. ಮಂಟಪದವರು ಅವಳ ಜೋಡಿಯನ್ನು ಗೊತ್ತುಮಾಡಿಕೊಂಡರು ಎಂದು ಬ್ಯಾಂಡಿನವರಿಂದ ತಿಳಿಯಿತು. ನಮ್ಮ ಕುದುರೆಯ ಹೇನಿನ ಸುದ್ದಿ ಹಾನಗಲ್ಲಿನಿಂದ ಸವಣೂರಿಗೆ ನಮಗಿಂತ ಮುಂಚೆ ಬಂದಿತ್ತು. ಒಪ್ಪಿಕೊಂಡಿದ್ದ ಬೇರೆ ಮದುವೆಗಳವರೂ ಏನೇನೋ ನೆಪ ಹೇಳಿ ಬಿಟ್ಟುಹೋದರು.

ಗಂಡ ಮಾರುವ ಮಾತು ಎತ್ತಿದಾಗ ಈ ಸಲ ಹೂಂ ಎಂದೆ. ಹಿರೇಕೆರೂರು ಕಡೆಯ ಹಂಸಭಾವಿಯ ಒಬ್ಬರು ಮರಿ ಹಾಕಿಸಲಿಕ್ಕೆ ಹೆಣ್ಣುಕುದುರೆ ಹುಡುಕುತ್ತಿದ್ದರು, ಅವರಿಗೆ ಅಯಾಲಿನ ಗೊಡವೆ ಇರಲಿಲ್ಲ. ಒಳ್ಳೆಯ ಜನ. ಅದರ ಬೆನ್ನ ಮೇಲೆ ಕೈಯಾಡಿಸಿ, ಕೂದಲು ಬಿಡಿಸಿ ನೋಡಿ, "ಭಾಳ ಸ್ವಚ್ಛ ಇಟ್ಟೀರಿ ಬಿಡ್ರಿ," ಎಂದರು. ಹಾನಗಲ್ಲಿನಲ್ಲಿ ಬಾರದ ಅಳು ಆ ಒಂದು ಮಾತಿಗೆ ಬಂತು. ಅದು ಗಾಡಿ ಹತ್ತುವಾಗ ಅತ್ತೆ ಒಳಗಿನಿಂದ ಬೆಲ್ಲದ ತುಣುಕು ತಂದು ಅದರ ಬಾಯಿಗಿಟ್ಟಳು. ಬೆಳಿಗ್ಗೆ ಎದ್ದ ಕೂಡಲೇ ತಬೇಲೆಗೆ ಹೋಗುವ ರೂಢಿ ಕಾಲಿಗೆ ಇತ್ತು. ಹೋಗಿ ನಿಂತು ಬರುತ್ತಿದ್ದೆ.

ಶಿವರಾತ್ರಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಅಳುತ್ತಾಳೆ ಎಂದುಕೊಂಡೆ.

"ತಂಗೀ, ಅದು ಔಷಧದ ಹೆಸರ ಏನ? ಎರಡಕ್ಕೂ ಭಾಳ ಆಗೇತಿ. ಅಯಾಲು ಹಿಡಿ ಹಿಡಿ ಉದುರಾಕತ್ತೇತಿ. ಮದಿವಿ ಅದಾವ ಮುಂದ."

ದನಿಯಲ್ಲಿ ಏನೂ ಇರಲಿಲ್ಲ, ಸಾರಿಗೆ ಹುಳಿ ಎಷ್ಟು ಹಾಕಬೇಕು ಎಂದು ಕೇಳಿದ ಹಾಗೆ. ಫೋನ್ ಇಟ್ಟುಬಿಡಬೇಕು ಎನ್ನಿಸಿತು. ಆದರೆ ಕುತ್ತಿಗೆಯನ್ನು ನನ್ನ ಭುಜಕ್ಕೆ ಒತ್ತಿದ ಆ ಕುದುರೆ ನೆನಪಾಯಿತು. ಅದರದೇನು ತಪ್ಪು? ಔಷಧದ ಹೆಸರು ಹೇಳಿದೆ. ನೀರು ಎಷ್ಟು, ಹೇಗೆ ಹಚ್ಚಬೇಕು, ಕಣ್ಣಿಗೆ ಹೋಗದಂತೆ ಹೇಗೆ ಹಿಡಿಯಬೇಕು, ಬಟ್ಟೆಗಳನ್ನು ಏನು ಮಾಡಬೇಕು, ಎರಡು ವಾರಕ್ಕೆ ಮತ್ತೆ ಯಾಕೆ ಹಾಕಬೇಕು, ಎಲ್ಲ ಹೇಳಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು.

"ನೀನ ಒಂದೀಟ ಬಂದ ಹೋಗಲ್ಲ," ಎಂದಳು. "ಹೊಸಾದು ಈಗೀಗ ನನಗ ಮೈ ಮುಟ್ಟಗೊಡೂದಿಲ್ಲ. ನಿನಗೇನ, ಈಗ ಬಿಡುವು ಐತಲ್ಲ."

ನಾನು ಖಾಲಿ ಗೋದಲಿಯ ಮೇಲೆ ಕೂತಿದ್ದೆ. ಎಷ್ಟೋ ಕೇಳಬೇಕು ಎಂದಿತ್ತು. ಒಂದನ್ನೇ ಕೇಳಿದೆ.

"ಆ ಹೊಸಾದು ನಿಮ್ಮನಿಗೆ ಯಾವಾಗ ಬಂತು?"

"ಗಣಪತಿ ಹಬ್ಬದ ಹಿಂದ."

ಗಣಪತಿ ಹಬ್ಬ. ತುಳಸಿ ಲಗ್ನದ ಝೂಲ ಬಸ್ಸಿನಲ್ಲಿ ಬರುವ ಮೊದಲೇ. ಅಂಗಳದಲ್ಲಿ ನಿಂತು ಕೋಳಿಗಳ ಕಡೆ ಕೈ ತೋರಿಸುವ ಮೊದಲೇ. "ನಿನ್ನದರಿಂದನ ಬಂದಿರಬೇಕು" ಎಂದಾಗ, ನಾನು ಬೇಡಿಕೊಂಡಾಗ, "ನಂದೂ ಆತು" ಎಂದು ಬರೆದಾಗ, ಅದು ಅವಳ ಮನೆಯಲ್ಲಿ ತುರಿಸಿಕೊಳ್ಳುತ್ತಾ ನಿಂತಿತ್ತು. ಗಂಡನ ಕಿತಾಪತಿಯಲ್ಲ, ಭಯಕ್ಕೆ ಬಾಯಿ ತಪ್ಪಿದ್ದಲ್ಲ.

"ಹೇನು ಅದ ತಂದಿತ್ತು, ಹೌದಿಲ್ಲೊ?"

"ಹೂಂ."

"ಮತ್ತ ನನಗ ಯಾಕ ಹೇಳಲಿಲ್ಲ ಅಕ್ಕಾ?"

"ನೀ ಎಲ್ಲೆ ಕೇಳಿದಿ?" ಎಂದಳು ಅಕ್ಕ.

ಅವಳಿಗೆ ಔಷಧದ ಹೆಸರನ್ನು ಇನ್ನೊಂದು ಸಲ ಬಿಡಿಬಿಡಿಯಾಗಿ ಹೇಳಿ ಫೋನ್ ಇಟ್ಟೆ. ಅಕ್ಕಿಆಲೂರಿಗೆ ಹೋಗಲಿಲ್ಲ. ಅವಳೂ ತವರಿಗೆ ಬಂದಿಲ್ಲ. ಒಡಹುಟ್ಟಿದ ಅಕ್ಕನಿಗೆ ನಾನೇ ಕೇಳಬೇಕಿತ್ತಂತೆ, ನಿನ್ನ ತಬೇಲೆಯಲ್ಲಿ ಕುದುರೆ ಎಷ್ಟಿವೆ ಎಂದು.